ಕೋಟೆಯ ಕಂದಕ, ಟಿವೋಲಿಯ ಕೆರೆ

ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ನಟ್ಟನಡುವೆ, ನಗರಸಭೆಯ ಭವನಕ್ಕೂ ಮುಖ್ಯ ರೈಲು ನಿಲ್ದಾಣಕ್ಕೂ ನಡುವಿನ ಸುಮಾರು ಎಂಟು ಹೆಕ್ಟೇರ್ ಜಾಗದಲ್ಲಿ ಟಿವೋಲಿ ಎಂಬ ವಿಹಾರೋದ್ಯಾನವಿದೆ. 1843ರಲ್ಲಿ ಬಾಗಿಲು ತೆರೆದ ಈ ಉದ್ಯಾನ ಇಂದಿಗೂ ನಡೆಯುತ್ತಿರುವ ವಿಹಾರೋದ್ಯಾನಗಳಲ್ಲಿ ಹಳೆತನದ ಲೆಕ್ಕಕ್ಕೆ ಜಗತ್ತಿನಲ್ಲೇ ಮೂರನೆಯದೆಂದು ಹೆಸರಾಗಿದೆ. ಉದ್ಯಾನದ ಒಳಗೆ ಉದ್ದಕ್ಕೆ ಚಾಚಿ ಬಾಗಿದ ಒಂದು ಕೆರೆಯಿದೆ. ದಂಡೆಯಲ್ಲಿ ಚೀನೀ ಮಾದರಿಯ ಗೋಪುರ, ಹೂವಿನ ಮಡಿಗಳು, ದೀಪಗಳು. ನೀರಿನ ಮೇಲೆ ಡ್ರ್ಯಾಗನ್ ಆಕಾರದ ಪುಟ್ಟ ದೋಣಿಗಳು. ವಿಹಾರಕ್ಕೆಂದೇ ತೋಡಿಸಿದ ಕೆರೆ ಎಂದು ನೋಡಿದವರು ಸುಲಭವಾಗಿ ಭಾವಿಸಬಹುದು. ಆದರೆ ಈ ನೀರು ಉದ್ಯಾನಕ್ಕಿಂತ ಸುಮಾರು ಎರಡು ಶತಮಾನ ಹಳೆಯದು. ಶತ್ರು ಸೈನ್ಯವನ್ನು ನಗರದಿಂದ ಆಚೆ ತಡೆದು ನಿಲ್ಲಿಸಲು ತೋಡಿದ ಕಂದಕದ ಒಂದು ತುಂಡು ಅದು.

ಕೋಪನ್‌ಹೇಗನ್‌ಗೆ ಮಧ್ಯಯುಗದಿಂದಲೂ ಕೋಟೆಯಿತ್ತು. 17ನೇ ಶತಮಾನದ ಮೊದಲ ದಶಕಗಳಲ್ಲಿ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಅದನ್ನು ಹೊಸ ಕಾಲದ ಯುದ್ಧಕ್ಕೆ ತಕ್ಕಂತೆ ತಿದ್ದಿಸಿದ. ಫಿರಂಗಿಗಳ ಕಾಲದಲ್ಲಿ ಎತ್ತರದ ಕಲ್ಲಿನ ಗೋಡೆ ನಿಲ್ಲುತ್ತಿರಲಿಲ್ಲ. ಗುಂಡು ಬಿದ್ದಲ್ಲಿ ಸಿಡಿದು ಉರುಳುತ್ತಿತ್ತು. ಹಾಗಾಗಿ ಯುರೋಪಿನಾದ್ಯಂತ ಗೋಡೆಯ ಬದಲು ಅಗಲವಾದ ಮಣ್ಣಿನ ದಿಬ್ಬ ಕಟ್ಟಿ, ಅಲ್ಲಲ್ಲಿ ಬಾಣದ ಮೊನೆಯಂತೆ ಮುಂದಕ್ಕೆ ಚಾಚಿದ ಕೊತ್ತಲಗಳನ್ನು ನಿಲ್ಲಿಸಿ, ಎದುರಿಗೆ ನೀರು ತುಂಬಿದ ಕಂದಕ ತೋಡುವ ಪದ್ಧತಿ ಬಂದಿತ್ತು. ಕಂದಕದಿಂದ ತೆಗೆದ ಮಣ್ಣೇ ದಿಬ್ಬಕ್ಕೆ ಆಗುತ್ತಿತ್ತು. ಒಂದು ಕೊತ್ತಲದ ಬುಡಕ್ಕೆ ಬಂದ ಶತ್ರುವಿನ ಮೇಲೆ ಪಕ್ಕದ ಕೊತ್ತಲದಿಂದ ಗುಂಡು ಹಾರಿಸಲು ಅನುವಾಗಲೆಂದು ಕಂದಕವೂ ಕೊತ್ತಲಗಳ ಜೊತೆಗೇ ಅಂಕುಡೊಂಕಾಗಿ ಸಾಗುತ್ತಿತ್ತು. ನಗರದ ಪಶ್ಚಿಮ ದಿಕ್ಕಿನ ದಿಬ್ಬಕ್ಕೆ ವೆಸ್ಟರ್‌ವೋಲ್ಡ್ ಎಂದೂ ಅಲ್ಲಿನ ಹೆಬ್ಬಾಗಿಲಿಗೆ ವೆಸ್ಟರ್‌ಪೋರ್ಟ್ ಎಂದೂ ಹೆಸರು. ಟಿವೋಲಿ ಹುಟ್ಟಿದ್ದು ಈ ಬಾಗಿಲಿನ ಹೊರಮಗ್ಗುಲಲ್ಲಿ.

ಕಂದಕಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು 1659ರ ಚಳಿಗಾಲದಲ್ಲಿ. ಅದರ ಹಿಂದಿನ ವರ್ಷ ಸ್ವೀಡನ್‌ನ ದೊರೆ ಹತ್ತನೆಯ ಕಾರ್ಲ್ ಗುಸ್ತಾವ್ ಹೆಪ್ಪುಗಟ್ಟಿದ ಸಮುದ್ರದ ಮೇಲೆಯೇ ಸೈನ್ಯ ನಡೆಸಿಕೊಂಡು ಬಂದು ಡೆನ್ಮಾರ್ಕ್‌ನ ದ್ವೀಪಗಳನ್ನು ಮುಟ್ಟಿದ್ದ. ರೋಸ್ಕಿಲ್ಡೆ ಒಪ್ಪಂದದಲ್ಲಿ ಡೆನ್ಮಾರ್ಕ್ ತನ್ನ ಪೂರ್ವದ ಪ್ರಾಂತ್ಯಗಳನ್ನು ಬಿಟ್ಟುಕೊಡಬೇಕಾಯಿತು. ಅಷ್ಟಕ್ಕೇ ತೃಪ್ತನಾಗದ ಕಾರ್ಲ್ ಗುಸ್ತಾವ್ 1658ರ ಆಗಸ್ಟ್‌ನಲ್ಲಿ ಮತ್ತೆ ಏರಿಬಂದು ಕೋಪನ್‌ಹೇಗನ್‌ಗೆ ಮುತ್ತಿಗೆ ಹಾಕಿದ. ಅಕ್ಟೋಬರ್ ಕೊನೆಯಲ್ಲಿ ಡಚ್ ನೌಕಾಪಡೆ ಸ್ವೀಡನ್ನಿನ ಹಡಗುಗಳನ್ನು ಸೀಳಿಕೊಂಡು ಬಂದು ಊರಿಗೆ ಆಹಾರ ಮುಟ್ಟಿಸಿತು. ಹಸಿವಿನಿಂದ ಊರು ಸೋಲುವುದಿಲ್ಲವೆಂದು ಖಚಿತವಾದ ಮೇಲೆ ನೇರ ದಾಳಿಯೊಂದೇ ದಾರಿ ಎಂದು ಸ್ವೀಡನ್ನಿನವರು ತೀರ್ಮಾನಿಸಿದರು.

ಚಳಿಗಾಲ ಕಂದಕದ ಶತ್ರು. ಬೇಸಿಗೆಯಲ್ಲಿ ದಾಟಲಾಗದ ನೀರು ಫೆಬ್ರುವರಿಯಲ್ಲಿ ಸೇತುವೆಯಾಗುತ್ತದೆ. ಸಮುದ್ರವನ್ನೇ ನಡೆದು ದಾಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿನವರಿಗೂ ಅದು ಗೊತ್ತಿತ್ತು. ಸೈನಿಕರು, ನಾವಿಕರು, ಕಸುಬುದಾರರು, ವಿದ್ಯಾರ್ಥಿಗಳು ದಿನವೂ ಗರಗಸ, ಕೊಡಲಿ ಹಿಡಿದು ಇಳಿದು ಮಂಜುಗಡ್ಡೆ ಕೊಯ್ದು ನೀರಿನ ಕಾಲುವೆ ತೆರೆದಿಟ್ಟರು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದು ಮತ್ತೆ ಹೆಪ್ಪುಗಟ್ಟುತ್ತಿತ್ತು, ಮತ್ತೆ ಕೊಯ್ಯಬೇಕಿತ್ತು. ಫೆಬ್ರುವರಿ 10ರ ರಾತ್ರಿ ಕಳೆದು 11ರ ನಸುಕಿನೊಳಗೆ ಸ್ವೀಡನ್ನಿನ ಪಡೆ ಹಿಮದಲ್ಲಿ ಕಾಣದಿರಲೆಂದು ಬಟ್ಟೆಯ ಮೇಲೆ ಬಿಳಿ ಅಂಗಿ ತೊಟ್ಟು ಏರಿಬಂತು. ಮುಖ್ಯ ಹೊಡೆತ ಬಿದ್ದದ್ದು ಪಶ್ಚಿಮದ ದಿಬ್ಬದ ಮೇಲೆ ಮತ್ತು ಅದರ ತುದಿಗಿದ್ದ ಸಮುದ್ರದ ಅಂಚಿನಲ್ಲಿ. ಕೊಯ್ದಿಟ್ಟ ನೀರಿನ ಹತ್ತಿರ ದಾಳಿಕಾರರ ವೇಗ ಮುರಿಯಿತು. ದಿಬ್ಬ ಹತ್ತಿದವರ ಮೇಲೆ ಊರಿನವರು ಕಲ್ಲು, ಮರದ ದಿಮ್ಮಿ, ಕುದಿಯುವ ನೀರು ಸುರಿದರು. ಬೆಳಗಿನ ಹೊತ್ತಿಗೆ ದಾಳಿ ವಿಫಲವಾಗಿತ್ತು.

ಆ ರಾತ್ರಿಯ ಪರಿಣಾಮ ಕೋಟೆಯ ಒಳಗೂ ಆಯಿತು. ಮುತ್ತಿಗೆಯುದ್ದಕ್ಕೂ ಊರು ಬಿಟ್ಟು ಹೋಗದ ದೊರೆ ಮೂರನೆಯ ಫ್ರೆಡರಿಕ್‌ನ ವರ್ಚಸ್ಸು ಏರಿತು. ಯುದ್ಧದಲ್ಲಿ ಹಿಂಜರಿದ ಸರದಾರರ ವರ್ಗ ಜನರ ಕಣ್ಣಲ್ಲಿ ಕುಸಿಯಿತು. ಈ ಹವೆಯನ್ನು ಬಳಸಿಕೊಂಡು 1660ರಲ್ಲಿ ದೊರೆ ವಂಶಪಾರಂಪರ್ಯದ ಹಕ್ಕನ್ನೂ ನಿರಂಕುಶ ಅಧಿಕಾರವನ್ನೂ ತನ್ನದಾಗಿಸಿಕೊಂಡ. ಡಚ್ ಎಂಜಿನಿಯರ್ ಹೆನ್ರಿಕ್ ರೂಸೆಯ ಮೇಲುಸ್ತುವಾರಿಯಲ್ಲಿ ಕೋಟೆ ಇನ್ನಷ್ಟು ಬಲಗೊಂಡಿತು. ಮುಂದಿನ ಸುಮಾರು ಎರಡು ಶತಮಾನ ಡೆನ್ಮಾರ್ಕ್‌ನಲ್ಲಿ ಕಾಗದದ ಮೇಲೆ ದೊರೆಯ ಇಚ್ಛೆಗೆ ಎದುರಿರಲಿಲ್ಲ. ಟಿವೋಲಿಗೆ ಅನುಮತಿ ಕೊಟ್ಟ ಸಹಿಯೂ ಅಂಥ ಒಬ್ಬ ನಿರಂಕುಶ ದೊರೆಯದೇ.

ಕೋಟೆಯನ್ನು ಅಪ್ರಯೋಜಕಗೊಳಿಸಿದವರು ಬ್ರಿಟಿಷರು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಡೆನ್ಮಾರ್ಕ್‌ನ ನೌಕಾಪಡೆ ಫ್ರಾನ್ಸಿನ ಕೈಸೇರುತ್ತದೆಂಬ ಭಯದಿಂದ ಅವರು 1807ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನ ಉತ್ತರಕ್ಕೆ ಸೈನ್ಯ ಇಳಿಸಿದರು. ಸೆಪ್ಟೆಂಬರ್ 2ರಿಂದ 5ರವರೆಗೆ ಊರಿನ ಮೇಲೆ ಬಾಂಬು ಸುರಿಯಿತು. ಕಾಂಗ್ರೀವ್ ರಾಕೆಟ್‌ಗಳೂ ಅದರಲ್ಲಿದ್ದವು. ಮೈಸೂರಿನ ಯುದ್ಧಗಳಲ್ಲಿ ಟಿಪ್ಪುವಿನ ಸೈನ್ಯ ಹಾರಿಸಿದ ರಾಕೆಟ್‌ಗಳನ್ನು ನೋಡಿ ಪಾಠ ಕಲಿತ ಬ್ರಿಟಿಷರು ಇಂಗ್ಲೆಂಡಿನಲ್ಲಿ ತಯಾರಿಸಿದ ಅಸ್ತ್ರ ಅದು. ನೂರಾರು ಕಟ್ಟಡಗಳು ಸುಟ್ಟವು, ಪ್ರಧಾನ ಚರ್ಚಿನ ಗೋಪುರ ಉರುಳಿತು, ನೌಕಾಪಡೆಯನ್ನು ಒಪ್ಪಿಸಿ ಊರು ಶರಣಾಯಿತು. ಕಂದಕವನ್ನು ಯಾವ ಸೈನಿಕನೂ ದಾಟಬೇಕಾಗಲೇ ಇಲ್ಲ. ಬೆಂಕಿ ಅದರ ಮೇಲಿನಿಂದ ಹಾರಿಹೋಗಿತ್ತು.

ಇಷ್ಟಾದರೂ ಕೋಟೆ ಉಳಿಯಿತು, ಅದರ ಕಾನೂನೂ ಉಳಿಯಿತು. ದಿಬ್ಬದಾಚೆ ಬಹುದೂರದವರೆಗೆ ಗಟ್ಟಿ ಕಟ್ಟಡ ಕಟ್ಟುವಂತಿರಲಿಲ್ಲ. ಶತ್ರುವಿಗೆ ಅಡಗುತಾಣವಾಗುತ್ತದೆ, ತಮ್ಮ ಫಿರಂಗಿಗಳ ಗುರಿಗೆ ಅಡ್ಡವಾಗುತ್ತದೆ ಎಂಬುದು ಸೈನ್ಯದ ವಾದ. ಪರಿಣಾಮವಾಗಿ 1840ರ ಸುಮಾರಿಗೆ 1,20,000ದಷ್ಟು ಜನ ಕೋಟೆಯೊಳಗಿನ ಇಕ್ಕಟ್ಟಿನಲ್ಲೇ ತುಂಬಿಕೊಂಡಿದ್ದರು. ಮನೆಗಳು ಮೇಲಕ್ಕೆ ಬೆಳೆದವು, ಹಿತ್ತಿಲುಗಳಲ್ಲೂ ಮನೆ ಎದ್ದಿತು. ಊರಿನವರಿಗೆ ಗಾಳಿ ಸಿಗುತ್ತಿದ್ದದ್ದು ದಿಬ್ಬದ ನೆತ್ತಿಯ ಮೇಲೆ. ಅಲ್ಲಿ ಸಾಲುಮರಗಳಿದ್ದವು, ಕೊತ್ತಲಗಳ ಮೇಲೆ ಗಾಳಿಗಿರಣಿಗಳು ತಿರುಗುತ್ತಿದ್ದವು, ಸಂಜೆ ಹೊತ್ತು ಜನ ಕೆಳಗಿನ ಕಂದಕದ ನೀರು ನೋಡುತ್ತ ಅಡ್ಡಾಡುತ್ತಿದ್ದರು. ಸೈನ್ಯಕ್ಕೆ ಉಪಯೋಗ ತಪ್ಪುತ್ತ ಬಂದ ಜಾಗ ಹೀಗೆ ಯಾರ ಅಪ್ಪಣೆಯನ್ನೂ ಕಾಯದೆ ಊರಿನ ವಿಹಾರಸ್ಥಳವಾಗತೊಡಗಿತ್ತು. ಮುಂದೆ ಬಂದವನು ಅದಕ್ಕೊಂದು ಬೇಲಿಯನ್ನೂ ಪ್ರವೇಶದರವನ್ನೂ ಹಾಕಿದ.

ಆತನ ಹೆಸರು ಗೆಯೋರ್ಗ್ ಕಾರ್ಸ್ಟೆನ್ಸನ್. ಹುಟ್ಟಿದ್ದು 1812ರಲ್ಲಿ, ಉತ್ತರ ಆಫ್ರಿಕಾದ ಅಲ್ಜಿಯರ್ಸ್‌ನಲ್ಲಿ. ತಂದೆ ಅಲ್ಲಿ ಡೆನ್ಮಾರ್ಕ್‌ನ ರಾಜತಾಂತ್ರಿಕ. ಸೈನ್ಯದಲ್ಲಿ ಅಧಿಕಾರಿಯಾಗಿ ಕೆಲಕಾಲ ಇದ್ದ, ದೇಶ ಸುತ್ತಿದ, ಪ್ಯಾರಿಸ್ ಮತ್ತು ಲಂಡನ್ನಿನ ವಿಹಾರೋದ್ಯಾನಗಳ ರುಚಿ ಹತ್ತಿಸಿಕೊಂಡು ಮರಳಿದ. ಕೋಪನ್‌ಹೇಗನ್‌ನಲ್ಲಿ ಪೋರ್ಟೆಫೊಯಿಲೆನ್, ಫಿಗಾರೊ ಎಂಬ ಪತ್ರಿಕೆಗಳನ್ನು ಹೊರಡಿಸಿದ. ಅವುಗಳ ಚಂದಾದಾರರಿಗಾಗಿ ಸಂಗೀತ, ದೀಪಾಲಂಕಾರ, ಪಟಾಕಿಗಳ ಸಂಜೆಗಳನ್ನು ಏರ್ಪಡಿಸಿದ. ಜನ ಕಿಕ್ಕಿರಿದು ಬಂದರು. ಪತ್ರಿಕೆಗಿಂತ ಉತ್ಸವವೇ ಲಾಭದ ಬಾಬತ್ತು ಎಂದು ಅವನಿಗೆ ಹೊಳೆದಿರಬೇಕು. ಅದಕ್ಕೊಂದು ಕಾಯಂ ಜಾಗ ಬೇಕೆಂದು ದೊರೆ ಎಂಟನೆಯ ಕ್ರಿಶ್ಚಿಯನ್‌ಗೆ ಅರ್ಜಿ ಹಾಕಿದ.

ದೊರೆಯನ್ನು ಅವನು ಹೇಗೆ ಒಪ್ಪಿಸಿದ ಎಂಬುದಕ್ಕೆ ಒಂದು ಕಥೆ ಪ್ರಸಿದ್ಧವಾಗಿದೆ: ಜನ ಮೋಜಿನಲ್ಲಿ ಮುಳುಗಿದ್ದರೆ ರಾಜಕೀಯದ ಗೊಡವೆಗೆ ಹೋಗುವುದಿಲ್ಲ ಎಂದು ದೊರೆಗೆ ಮನವರಿಕೆ ಮಾಡಿಕೊಟ್ಟನಂತೆ. ಟಿವೋಲಿಯ ಬಗ್ಗೆ ಬರೆದವರೆಲ್ಲ ಇದನ್ನು ಹೇಳುತ್ತಾರೆ. ಕಾಲದ ಹಿನ್ನೆಲೆಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಸಂವಿಧಾನ ಬೇಕೆಂಬ ಉದಾರವಾದಿಗಳ ದನಿ ಆಗ ಏರುತ್ತಿತ್ತು. ಆದರೆ ಇಷ್ಟು ಅಚ್ಚುಕಟ್ಟಾದ ಮಾತುಗಳು ಆಮೇಲೆ ಹುಟ್ಟಿಕೊಳ್ಳುವುದೇ ಹೆಚ್ಚು. ಇತಿಹಾಸಕಾರರಲ್ಲಿ ಟಿವೋಲಿಯನ್ನು ನಿರಂಕುಶ ಪ್ರಭುತ್ವ ಒತ್ತಡ ಇಳಿಸಲು ಬಳಸಿದ ಕಿಂಡಿ ಎಂದು ನೋಡುವವರಿದ್ದಾರೆ; ಬೇರೆ ಬೇರೆ ಅಂತಸ್ತಿನ ಜನ ಒಂದೇ ಟಿಕೆಟ್ಟಿನಲ್ಲಿ ಒಂದೇ ದಾರಿಯಲ್ಲಿ ನಡೆದ ಹೊಸ ಬಗೆಯ ಸಾರ್ವಜನಿಕ ಸ್ಥಳ ಎಂದು ನೋಡುವವರೂ ಇದ್ದಾರೆ. ಮುಂದಿನ ಐದೇ ವರ್ಷಗಳಲ್ಲಿ ನಡೆದದ್ದನ್ನು ನೋಡಿದರೆ, ಕಿಂಡಿಯೆಂದೇ ಇಟ್ಟುಕೊಂಡರೂ ಅದು ಪ್ರಭುತ್ವವನ್ನು ಉಳಿಸಲಿಲ್ಲ.

ದೊರೆಯಿಂದ ಸಿಕ್ಕಿದ್ದು ಐದು ವರ್ಷದ ಪರವಾನಗಿ ಮತ್ತು ವೆಸ್ಟರ್‌ಪೋರ್ಟ್ ಬಾಗಿಲಿನಾಚೆ ಕಂದಕದ ಹೊರದಂಡೆಗೆ ಹೊಂದಿದ ಸುಮಾರು 15 ಎಕರೆ ಜಾಗ, ಬಾಡಿಗೆಯ ಮೇಲೆ. ಜಾಗ ಸೈನ್ಯದ್ದು, ಆದ್ದರಿಂದ ಷರತ್ತುಗಳೂ ಸೈನ್ಯದವೇ. ಕಟ್ಟಿದ್ದೆಲ್ಲ ಹಗುರವಾಗಿರಬೇಕು, ಯುದ್ಧ ಬಂದರೆ ತಕ್ಷಣ ಕಿತ್ತೆಸೆಯುವಂತಿರಬೇಕು. ಟಿವೋಲಿಯ ಚಹರೆಯನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಈ ಷರತ್ತು. ವಾಸ್ತುಶಿಲ್ಪಿ ಹರಾಲ್ಡ್ ಕಾನ್ರಾಡ್ ಸ್ಟಿಲ್ಲಿಂಗ್ ಮರ, ಬಟ್ಟೆ, ಬಣ್ಣಗಳಲ್ಲಿ ಕೆಲಸ ಮಾಡಿದ. ಕಲ್ಲಿನಲ್ಲಿ ಕಟ್ಟುವಂತಿಲ್ಲದಿದ್ದಾಗ ಗ್ರೀಕ್ ಕಂಬಗಳ ಗಾಂಭೀರ್ಯಕ್ಕೆ ಅರ್ಥವಿಲ್ಲ. ಡೇರೆ, ಮಂಟಪ, ತುರ್ಕಿ ಗುಮ್ಮಟ, ಚೀನೀ ಚಾವಣಿಗಳಂಥ ಕಾಲ್ಪನಿಕ ಪೂರ್ವದೇಶವೊಂದು ಅಲ್ಲಿ ಎದ್ದಿತು. ಯುರೋಪಿನ ಉದ್ಯಾನಗಳಲ್ಲಿ ಆಗ ಇದೇ ಷೋಕಿ. ನಿಜವಾದ ಪೂರ್ವದೇಶದ ವಿಷಯದಲ್ಲಿ ಅದೇ ದೊರೆ ಅಷ್ಟೇನೂ ಭಾವುಕನಾಗಿರಲಿಲ್ಲ: ಭಾರತದಲ್ಲಿ ಡೆನ್ಮಾರ್ಕ್‌ಗೆ ಇದ್ದ ತರಂಗಂಬಾಡಿ ಮತ್ತು ಸೇರಂಪುರಗಳನ್ನು 1845ರಲ್ಲಿ 12.5 ಲಕ್ಷ ರೂಪಾಯಿಗೆ ಈಸ್ಟ್ ಇಂಡಿಯಾ ಕಂಪನಿಗೆ ಮಾರಿಬಿಟ್ಟ.

1843ರ ಆಗಸ್ಟ್ 15ರಂದು 'ಟಿವೋಲಿ ಮತ್ತು ವಾಕ್ಸ್‌ಹಾಲ್' ಎಂಬ ಹೆಸರಿನಲ್ಲಿ ಉದ್ಯಾನ ತೆರೆಯಿತು. ಎಲ್ಲ ಕಟ್ಟಡಗಳೂ ಇನ್ನೂ ಮುಗಿದಿರಲಿಲ್ಲ. ಆದರೂ ಸಂಗೀತ ಮಂಟಪ, ರಂಗಮಂದಿರ, ಅಂಗಡಿ ಸಾಲು, ಕುದುರೆ ಎಳೆಯುವ ತಿರುಗುಯಂತ್ರ, ಇಳಿಜಾರಿನಲ್ಲಿ ಜಾರುವ ಬಂಡಿ ಇದ್ದವು. ವಾದ್ಯಗೋಷ್ಠಿಯ ನಾಯಕ ಹಾನ್ಸ್ ಕ್ರಿಶ್ಚಿಯನ್ ಲುಂಬಿ. ಮುಂದೆ ಸುಮಾರು ಮೂರು ದಶಕ ಟಿವೋಲಿಯ ಸಂಜೆಗಳಿಗೆ ಅವನದೇ ಸಂಗೀತ. ಆ ಮೊದಲ ಹಂಗಾಮು ಎರಡು ತಿಂಗಳಿಗಿಂತ ಕಡಿಮೆ, ಅಕ್ಟೋಬರ್ 11ಕ್ಕೆ ಮುಗಿದೇ ಹೋಯಿತು. ಅಷ್ಟರಲ್ಲಿ ಸುಮಾರು 1,75,000 ಮಂದಿ ಬಂದು ಹೋಗಿದ್ದರು. ಎಂದರೆ ಇಡೀ ಊರಿನ ಜನಸಂಖ್ಯೆಗಿಂತ ಹೆಚ್ಚು. ಕೊನೆಯ ದಿನ ಬಂದವರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕೂಡ ಇದ್ದ. ಅದೇ ದಿನ ಒಂದು ಚೀನೀ ಕಥೆಯನ್ನು ಬರೆಯಲು ಶುರುಮಾಡಿದೆನೆಂದು ಆತ ಟಿಪ್ಪಣಿ ಮಾಡಿಕೊಂಡಿದ್ದಾನೆ. ಮುಂದಿನ ತಿಂಗಳೇ ಅಚ್ಚಾದ ಆ ಕಥೆ ಚೀನಾದ ಚಕ್ರವರ್ತಿಯ ಕೋಗಿಲೆಯಂಥ ಹಕ್ಕಿಯದು, ಲೋಕವೆಲ್ಲ ಓದಿದ 'ನೈಟಿಂಗೇಲ್'.

ಈ ಎಲ್ಲದರ ನಡುವೆ ಕಂದಕ ಕಂದಕವಾಗಿಯೇ ಇತ್ತು. ಉದ್ಯಾನದ ಒಂದು ಅಂಚಿಗೆ ನೀರು, ನೀರಿನಾಚೆ ಎದ್ದು ನಿಂತ ದಿಬ್ಬ, ದಿಬ್ಬದ ಹಿಂದೆ ಊರಿನ ಮಾಡುಗಳು. ನೀರಿನ ಮೇಲೆ ದೋಣಿ ಬಿಟ್ಟರು, ದಂಡೆಯ ಮರಗಳಿಗೆ ಬಣ್ಣದ ಗಾಜಿನ ದೀಪ ಕಟ್ಟಿದರು, ಪಟಾಕಿ ಹಾರಿಸಿದರು. ದೀಪವಿರಲಿ ಪಟಾಕಿಯಿರಲಿ, ನೀರಿನ ಪಕ್ಕದಲ್ಲಿ ಒಂದಕ್ಕೆ ಎರಡಾಗಿ ಕಾಣುತ್ತದೆ. ಸೈನ್ಯದ ಕಂದಕ ಕಾರ್ಸ್ಟೆನ್ಸನ್‌ಗೆ ಖರ್ಚಿಲ್ಲದೆ ಸಿಕ್ಕ ಬಂಡವಾಳವಾಯಿತು. 1844ರಲ್ಲಿ ದೊರೆಯ ಅಂಗರಕ್ಷಕ ದಳದಂತೆ ಸಮವಸ್ತ್ರ ತೊಟ್ಟ ಹುಡುಗರ ವಾದ್ಯದಳವೂ ಶುರುವಾಯಿತು. ನಿಜ ಸೈನ್ಯದ ನೆಲದ ಮೇಲೆ ಆಟದ ಸೈನ್ಯದ ಕವಾಯತು! ಆ ವಾದ್ಯದಳ ಇಂದಿಗೂ ಟಿವೋಲಿಯಲ್ಲಿ ಮೆರವಣಿಗೆ ಹೊರಡುತ್ತದೆ. ಡೆನ್ಮಾರ್ಕ್‌ನ ಮೊದಲ ಕಾಲದ ರೈಲುಮಾರ್ಗ, ಕೋಪನ್‌ಹೇಗನ್‌ನಿಂದ ರೋಸ್ಕಿಲ್ಡೆಗೆ ಹೋಗುವುದು, 1847ರಲ್ಲಿ ಉದ್ಯಾನದ ಪಕ್ಕದಿಂದಲೇ ಹೊರಟಿತು. ಲುಂಬಿ ಆ ಸಂದರ್ಭಕ್ಕೆಂದೇ ಬಂಡಿ ಹೊರಟು ವೇಗ ಹಿಡಿದು ನಿಲ್ಲುವ ಸದ್ದನ್ನೆಲ್ಲ ವಾದ್ಯಗಳಲ್ಲಿ ಹಿಡಿದ ಒಂದು ಕುಣಿತದ ಸಂಗೀತ ಕಟ್ಟಿದ.

1848ರ ಜನವರಿಯಲ್ಲಿ ಎಂಟನೆಯ ಕ್ರಿಶ್ಚಿಯನ್ ತೀರಿಕೊಂಡ. ಮಾರ್ಚ್‌ನಲ್ಲಿ ಕೋಪನ್‌ಹೇಗನ್‌ನ ಜನ ಅರಮನೆಗೆ ಮೆರವಣಿಗೆ ಹೋದರು, ಹೊಸ ದೊರೆ ನಿರಂಕುಶ ಅಧಿಕಾರ ಬಿಟ್ಟುಕೊಟ್ಟ. ಮರುವರ್ಷ ಜೂನ್ 5ರಂದು ಸಂವಿಧಾನ ಬಂತು. ಷ್ಲೆಸ್ವಿಗ್ ಪ್ರಾಂತ್ಯಕ್ಕಾಗಿ ಯುದ್ಧವೂ ಹೊತ್ತಿಕೊಂಡಿತು. ಷರತ್ತಿನಲ್ಲಿ ಹೇಳಿದ್ದ ಯುದ್ಧ ಬಂದೇ ಬಂದಿದ್ದರೂ ಅದು ನಡೆದದ್ದು ದೂರದ ದಕ್ಷಿಣದಲ್ಲಿ. ಟಿವೋಲಿಯ ಡೇರೆಗಳನ್ನು ಕೀಳುವ ಪ್ರಮೇಯ ಬರಲಿಲ್ಲ. ಕೆಟ್ಟದ್ದು ಕಾರ್ಸ್ಟೆನ್ಸನ್‌ಗೆ. ಧಾರಾಳವಾಗಿ ಖರ್ಚು ಮಾಡುವ ಅವನಿಗೂ ಲೆಕ್ಕ ಕೇಳುವ ಆಡಳಿತ ಮಂಡಳಿಗೂ ಮೊದಲೇ ಸರಿಬರುತ್ತಿರಲಿಲ್ಲ. ಅವನು ಯುದ್ಧಕ್ಕೆ ಹೋದ, ಇತ್ತ ಟಿವೋಲಿ ಕೈತಪ್ಪಿತು. ಅಲ್ಲಿಂದ ಕೆರಿಬಿಯನ್‌ನ ಡೇನಿಶ್ ದ್ವೀಪಗಳಿಗೆ, ಮುಂದೆ ನ್ಯೂಯಾರ್ಕ್‌ಗೆ. 1853ರ ನ್ಯೂಯಾರ್ಕ್ ಪ್ರದರ್ಶನಕ್ಕಾಗಿ ಕಟ್ಟಿದ ಗಾಜು-ಕಬ್ಬಿಣದ ಸ್ಫಟಿಕ ಭವನದ ಇಬ್ಬರು ವಿನ್ಯಾಸಕಾರರಲ್ಲಿ ಅವನೊಬ್ಬ. ಊರಿಗೆ ಮರಳಿ ಟಿವೋಲಿಗೆ ಎದುರಾಳಿಯಾಗಿ ಆಲ್‌ಹಾಂಬ್ರಾ ಎಂಬ ಉದ್ಯಾನ ಕಟ್ಟಲು ಹೊರಟ, ಅದು ತೆರೆಯುವ ಮೊದಲೇ 1857ರ ಜನವರಿಯಲ್ಲಿ ತೀರಿಕೊಂಡ. ವಯಸ್ಸು 44. ಆಲ್‌ಹಾಂಬ್ರಾ ಹೆಚ್ಚು ಕಾಲ ಬಾಳಲಿಲ್ಲ.

ಕಂದಕವನ್ನು ಕೆರೆಯಾಗಿಸಿದ್ದು ಕಾಲರಾ ಎಂದರೆ ಉತ್ಪ್ರೇಕ್ಷೆಯೇನಲ್ಲ. 1853ರ ಬೇಸಿಗೆಯಲ್ಲಿ ಕೋಪನ್‌ಹೇಗನ್‌ಗೆ ನುಗ್ಗಿದ ಕಾಲರಾ ಕೆಲವೇ ತಿಂಗಳಲ್ಲಿ ಸುಮಾರು 4,700 ಮಂದಿಯನ್ನು ಬಲಿ ತೆಗೆದುಕೊಂಡಿತು. ಕೋಟೆಯೊಳಗಿನ ದಟ್ಟಣೆ, ಕೆಟ್ಟ ನೀರು, ತೆರೆದ ಚರಂಡಿಗಳ ಬಗ್ಗೆ ವೈದ್ಯರು ವರ್ಷಗಟ್ಟಲೆ ಎಚ್ಚರಿಸಿದ್ದರು. ಕಟ್ಟಡ ನಿಷೇಧದ ಗಡಿಯನ್ನು 1852ರಲ್ಲೇ ಹಿಂದಕ್ಕೆ ಸರಿಸಿಯಾಗಿತ್ತು. ಕಾಲರಾದ ನಂತರ ಜನ ದಿಬ್ಬದಾಚೆಗೆ ಮನೆ ಕಟ್ಟಲು ಮುಗಿಬಿದ್ದರು. ಹೆಬ್ಬಾಗಿಲುಗಳು ಸಂಚಾರಕ್ಕೆ ಅಡ್ಡಿಯೆಂದು 1850ರ ದಶಕದ ಉತ್ತರಾರ್ಧದಲ್ಲಿ ಒಂದೊಂದಾಗಿ ನೆಲಕ್ಕುರುಳಿದವು. ವೆಸ್ಟರ್‌ಪೋರ್ಟ್ ಬಿದ್ದದ್ದು 1857ರಲ್ಲಿ. ಊರ ಹೊರಗಿನ ಟಿವೋಲಿ ಇದ್ದಲ್ಲೇ ಇದ್ದು ಊರ ನಡುವಿನದಾಯಿತು.

ಬಾಗಿಲು ಹೋದ ಮೇಲೆ ದಿಬ್ಬವೊಂದೇ ಉಳಿಯುವುದರಲ್ಲಿ ಅರ್ಥವಿರಲಿಲ್ಲ. 1860ರ ದಶಕದ ಕೊನೆಯಲ್ಲಿ ಕೋಟೆಯ ಜಾಗವನ್ನು ಸರ್ಕಾರ ನಾಗರಿಕ ಬಳಕೆಗೆ ಬಿಟ್ಟಿತು. ಆ ಇಡೀ ನೆಲವನ್ನು ನಿವೇಶನಗಳಾಗಿ ಮಾರಿಬಿಡುವ ಆಸೆ ಕಡಿಮೆಯೇನಿರಲಿಲ್ಲ. ಕೊನೆಗೆ ಒಂದು ರಾಜಿಯಾಯಿತು: ಕೆಲವು ಭಾಗ ರಸ್ತೆ, ಕಟ್ಟಡಗಳಿಗೆ, ಕೆಲವು ಭಾಗ ಉದ್ಯಾನಗಳಿಗೆ. ದಿಬ್ಬದ ಮಣ್ಣು ತೋಡಿ ಸಮುದ್ರದಂಚನ್ನೂ ಕಂದಕದ ಬಹುಪಾಲನ್ನೂ ತುಂಬಿದರು. ಎಲ್ಲೆಲ್ಲಿ ಉದ್ಯಾನವಾಗಬೇಕಿತ್ತೋ ಅಲ್ಲಿ ಮಾತ್ರ ಕಂದಕದ ತುಂಡುಗಳನ್ನು ನೀರು ಸಮೇತ ಉಳಿಸಿಕೊಂಡರು. 1874ರಲ್ಲಿ ತೆರೆದ ಸಸ್ಯೋದ್ಯಾನ, 1879ರಲ್ಲಿ ತೆರೆದ ಓರ್ಸ್ಟೆಡ್ ಉದ್ಯಾನ, ಅವುಗಳಾಚೆಗಿನ ಓಸ್ಟ್ರೆ ಅನ್‌ಲೇಗ್: ಈ ಮೂರರ ಕೆರೆಗಳೂ ಹೀಗೆ ಉಳಿದವೇ. ನಗರದ ನಕ್ಷೆ ತೆರೆದು ಇವನ್ನು ಟಿವೋಲಿಯ ಕೆರೆಯ ಜೊತೆ ಒಂದೊಂದಾಗಿ ಜೋಡಿಸುತ್ತ ಹೋದರೆ ಹಳೆಯ ಕೋಟೆಯ ಗೆರೆ ಈಗಲೂ ಕಣ್ಣಿಗೆ ಬೀಳುತ್ತದೆ. ಮಿಕ್ಕ ಮೂರೂ ಯೋಜನೆ ಹಾಕಿ ಉಳಿಸಿದ ನೀರು. ಟಿವೋಲಿಯದು ಮಾತ್ರ ಆಗಲೇ ಕಾಲು ಶತಮಾನದಿಂದ ಜನರ ಬಳಕೆಯಲ್ಲಿದ್ದ, ಮುಚ್ಚುವುದು ಯಾರಿಗೂ ಬೇಡವಾಗಿದ್ದ ನೀರು.

ಎರಡೂ ತುದಿಗಳಲ್ಲಿ ಕಂದಕ ಕಡಿದುಹೋದ ಮೇಲೆ ನಡುವಿನದು ನಿಂತ ನೀರಾಯಿತು. ಆಗ ಅದು ನಿಜಕ್ಕೂ ಕೆರೆ. ಸೈನ್ಯದ ಷರತ್ತೂ ಹೋಯಿತು. ಆದರೂ ಟಿವೋಲಿ ಹಗುರ ಶೈಲಿಯನ್ನು ಬಿಟ್ಟುಕೊಡಲಿಲ್ಲ. 1868ರಿಂದ ಸುಮಾರು ಎರಡು ದಶಕ ಉದ್ಯಾನ ನಡೆಸಿದವನು ಬರ್ನ್‌ಹಾರ್ಡ್ ಓಲ್ಸೆನ್. ಮುಂದೆ ಡೆನ್ಮಾರ್ಕ್‌ನ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದವನೂ ಈತನೇ. ಅವನ ಕಾಲದಲ್ಲಿ, 1874ರಲ್ಲಿ, ವಿಲ್‌ಹೆಲ್ಮ್ ಡಾಲೆರಪ್ ವಿನ್ಯಾಸದ ಮೂಕಾಭಿನಯ ರಂಗಮಂದಿರ ಎದ್ದಿತು. ಚೀನೀ ಮಾದರಿಯ ಈ ತೆರೆದ ರಂಗದ ಪರದೆ ಬಿಚ್ಚಿದ ನವಿಲುಗರಿಯ ಆಕಾರದ್ದು. ಆಟ ಶುರುವಾಗುವಾಗ ಗರಿಗಳು ಮಡಚಿಕೊಂಡು ಕೆಳಗಿಳಿಯುತ್ತವೆ. ಕೆರೆಯ ದಂಡೆಗೆ ಇಂದಿನ ಮುಖ ಕೊಟ್ಟವನು 1899ರಲ್ಲಿ ನಿರ್ದೇಶಕನಾದ ವಾಸ್ತುಶಿಲ್ಪಿ ಕ್ನುಡ್ ಆರ್ನೆ ಪೀಟರ್ಸನ್. ನೀರಿನ ಪಕ್ಕದ ಚೀನೀ ಗೋಪುರ 1900ರಲ್ಲಿ ಅವನು ಕಟ್ಟಿಸಿದ್ದು, 1909ರ ಮೂರಿಶ್ ಶೈಲಿಯ ಅರಮನೆಯೂ ಅವನದೇ. 1914ರಲ್ಲಿ ಮರದ ರೋಲರ್ ಕೋಸ್ಟರ್ ಬಂತು. ಅದರ ಪ್ರತಿ ಬಂಡಿಯಲ್ಲೂ ಬ್ರೇಕ್ ಹಿಡಿಯುವ ಒಬ್ಬ ಆಳು ಇಂದಿಗೂ ಕೂರುತ್ತಾನೆ.

ಇಷ್ಟರಲ್ಲಿ ಸುತ್ತಲಿನ ಊರು ಬೆಳೆದು ನಿಂತಿತ್ತು. ದಿಬ್ಬವಿದ್ದ ನೆಲದ ಮೇಲೆ 1897ರಲ್ಲಿ ಗ್ಲಿಪ್ಟೊಟೆಕ್ ಕಲಾಸಂಗ್ರಹಾಲಯ, 1905ರಲ್ಲಿ ನಗರಸಭಾ ಭವನ, ಇನ್ನೊಂದು ಮಗ್ಗುಲಿಗೆ 1911ರಲ್ಲಿ ಹೊಸ ರೈಲು ನಿಲ್ದಾಣ. ಟಿವೋಲಿಗೆ ಬೆಳೆಯಲು ಯಾವ ದಿಕ್ಕೂ ಉಳಿಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಯುದ್ಧ ಈ ನೆಲಕ್ಕೆ ಮರಳಿತು. 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. ರಾತ್ರಿ ವಿಮಾನಗಳಿಗೆ ಊರು ಕಾಣದಂತೆ ದೀಪ ಮುಚ್ಚಬೇಕೆಂಬ ಆಜ್ಞೆ ಬಂತು. ದೀಪವಿಲ್ಲದ ಟಿವೋಲಿ ಎಂದರೆ ಮುಚ್ಚಿದ ಟಿವೋಲಿ. 1941ರಲ್ಲಿ ಉದ್ಯಾನದ ಮುಖ್ಯ ವಾಸ್ತುಶಿಲ್ಪಿಯಾದ ಪೌಲ್ ಹೆನ್ನಿಂಗ್ಸೆನ್ ಇದಕ್ಕೊಂದು ಉಪಾಯ ಹುಡುಕಿದ. ದೀಪದ ಬೆಳಕು ಕಣ್ಣಿಗೆ ಕುಕ್ಕದೆ ಬೇಕಾದಲ್ಲಿಗೆ ಮಾತ್ರ ಬೀಳುವಂತೆ ಮಾಡುವ ವಿದ್ಯೆಯಲ್ಲಿ ಅವನು ಆಗಲೇ ಹೆಸರುವಾಸಿ. ಬೆಳಕೆಲ್ಲ ಕೆಳಕ್ಕೇ ಚೆಲ್ಲಿ ಮೇಲಕ್ಕೆ ಒಂದಿಷ್ಟೂ ಸೋರದ ಮುಚ್ಚಳದ ದೀಪಗಳನ್ನು ಅವನು ಮಾಡಿಕೊಟ್ಟದ್ದರಿಂದ ಉದ್ಯಾನ ಮಧ್ಯರಾತ್ರಿಯವರೆಗೂ ತೆರೆದಿರಲು ಸಾಧ್ಯವಾಯಿತು. 1943ರಲ್ಲಿ ನೂರು ತುಂಬಿದಾಗ ತೋಟಗಾರಿಕಾ ವಿನ್ಯಾಸಕಾರ ಜಿ. ಎನ್. ಬ್ರಾಂಟ್ ಕೆರೆಯ ಬದಿಯಲ್ಲಿ ಮರದ ತೊಟ್ಟಿಗಳಿಂದ ನೀರು ಚಿಮ್ಮುವ ಹೂದೋಟ ರಚಿಸಿದ. ಅದೇ ವರ್ಷ ಹೆನ್ನಿಂಗ್ಸೆನ್ ನಾಜಿಗಳಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಸ್ವೀಡನ್ನಿಗೆ ಹೋಗಬೇಕಾಯಿತು. 1659ರಲ್ಲಿ ಊರಿನವರು ಯಾರನ್ನು ತಡೆಯಲು ಮಂಜುಗಡ್ಡೆ ಕೊಯ್ದರೋ ಅವರದೇ ನಾಡು ಈಗ ಆಶ್ರಯ.

1944ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರತಿರೋಧ ಗುಂಪುಗಳ ವಿಧ್ವಂಸಕ ಕೃತ್ಯಗಳು ಜೋರಾದವು. ಅದಕ್ಕೆ ಪ್ರತೀಕಾರವಾಗಿ ಜರ್ಮನರ ಪರವಾಗಿದ್ದ ಡೇನರು ಊರಿನ ಜನ ಪ್ರೀತಿಸುವ ಜಾಗಗಳನ್ನು ಆಯ್ದು ಸ್ಫೋಟಿಸತೊಡಗಿದ್ದರು. ಜೂನ್ 25ರ ನಸುಕಿನಲ್ಲಿ ಟಿವೋಲಿಯಲ್ಲಿ ಬಾಂಬುಗಳು ಸಿಡಿದವು. ಸಂಗೀತ ಭವನ, ಗಾಜಿನ ಸಭಾಂಗಣ ಸೇರಿ ಹಲವು ಕಟ್ಟಡಗಳು ನಾಶವಾದವು. ಅದರೊಂದಿಗೆ ಲುಂಬಿಯ ಹಸ್ತಪ್ರತಿಗಳೂ ಬಹಳಷ್ಟು ಸುಟ್ಟುಹೋದವು. ಮಿಲಿಟರಿ ಗುರಿಯಲ್ಲವೇ ಅಲ್ಲದ ಜಾಗಕ್ಕೆ ಬಿದ್ದ ಈ ಏಟು ಊರನ್ನು ಹೆದರಿಸುವ ಬದಲು ಕೆರಳಿಸಿತು. ಜರ್ಮನರು ಹೇರಿದ ರಾತ್ರಿ ನಿರ್ಬಂಧದ ವಿರುದ್ಧ ಅದೇ ವಾರ ಭುಗಿಲೆದ್ದ ಸಾರ್ವತ್ರಿಕ ಮುಷ್ಕರದ ಸಿಟ್ಟಿನಲ್ಲಿ ಟಿವೋಲಿಯ ಪಾಲೂ ಇತ್ತು. ಉದ್ಯಾನ ಕೆಲವೇ ವಾರಗಳಲ್ಲಿ ಡೇರೆಗಳನ್ನು ಹಾಕಿಕೊಂಡು ಮತ್ತೆ ತೆರೆಯಿತು. ಡೇರೆಯಲ್ಲಿ ನಡೆಯುವುದು ಅದಕ್ಕೆ ಹುಟ್ಟಿನಿಂದ ಬಂದ ಅಭ್ಯಾಸವೇ ಆಗಿತ್ತು. ಗಾಜಿನ ಸಭಾಂಗಣವನ್ನು ಯುದ್ಧ ಮುಗಿದ ಮೇಲೆ ಹೆನ್ನಿಂಗ್ಸೆನ್ ಮರಳಿ ಕಟ್ಟಿದ. ಹೊಸ ಸಂಗೀತ ಭವನ 1956ರಲ್ಲಿ ಸಿದ್ಧವಾಯಿತು. ಕೆರೆಯ ದಂಡೆಗೆ 1949ರಲ್ಲಿ ಬಂದ ಸುರುಳಿ ದೀಪಗಳೂ ಹೆನ್ನಿಂಗ್ಸೆನ್‌ನವೇ. ಬೆಳಕನ್ನು ಬಚ್ಚಿಡಲು ದೀಪ ಮಾಡಿದವನು ಈ ಸಲ ನೀರಿನಲ್ಲಿ ಅದನ್ನು ಕುಣಿಸಲು ಮಾಡಿದ.

1951ರಲ್ಲಿ ಬಂದ ಪ್ರವಾಸಿಗಳಲ್ಲಿ ವಾಲ್ಟ್ ಡಿಸ್ನಿಯೂ ಇದ್ದ. ಬೆಂಚುಗಳು, ಕಸದ ಬುಟ್ಟಿಗಳು, ದೀಪಗಳು, ಊಟದ ಜಾಗದ ಚೊಕ್ಕತನ ಇವನ್ನೆಲ್ಲ ಅವನು ಬಿಡದೆ ಬರೆದುಕೊಂಡನೆಂದು ಜೊತೆಗಿದ್ದ ಆರ್ಟ್ ಲಿಂಕ್‌ಲೆಟರ್ ನೆನಪಿಸಿಕೊಂಡಿದ್ದಾನೆ. ನಾಲ್ಕು ವರ್ಷದ ನಂತರ ಡಿಸ್ನಿಲ್ಯಾಂಡ್ ತೆರೆಯಿತು. ಇದರಿಂದ ಡಿಸ್ನಿಲ್ಯಾಂಡಿನ ತಾಯಿಬೇರು ಟಿವೋಲಿ ಎಂಬ ಮಾತು ಹುಟ್ಟಿ ಡೆನ್ಮಾರ್ಕ್‌ನಲ್ಲಂತೂ ಗಟ್ಟಿಯಾಗಿ ನೆಲೆಸಿದೆ. ಡಿಸ್ನಿಯ ಇತಿಹಾಸ ಬರೆದವರು ಇದನ್ನು ಪೂರ್ತಿ ಒಪ್ಪುವುದಿಲ್ಲ. 1948ರ ಷಿಕಾಗೊ ರೈಲು ಮೇಳ, ಹೆನ್ರಿ ಫೋರ್ಡ್ ಕಟ್ಟಿಸಿದ ಗ್ರೀನ್‌ಫೀಲ್ಡ್ ಹಳ್ಳಿ, ಲಾಸ್ ಏಂಜಲಿಸ್‌ನ ಗ್ರಿಫಿತ್ ಉದ್ಯಾನದ ತಿರುಗುಯಂತ್ರ, ಎಲ್ಲದರ ಋಣವೂ ಅದರಲ್ಲಿದೆ ಎನ್ನುತ್ತಾರೆ. ಅವನ ತಲೆಯಲ್ಲಿ ಆ ಯೋಜನೆ 1951ಕ್ಕಿಂತ ಮೊದಲೇ ಇತ್ತೆಂಬುದು ನಿಜ. ಟಿವೋಲಿಯಿಂದ ಅವನು ಪಡೆದದ್ದು ನಕ್ಷೆಗಿಂತ ಹೆಚ್ಚಾಗಿ ನಡೆಸುವ ರೀತಿ ಎಂದರೆ ಬಹುಶಃ ಸರಿಹೋದೀತು.

ನಂತರದ ದಶಕಗಳಲ್ಲಿ ಅಕ್ಕಪಕ್ಕಕ್ಕೆ ಜಾಗವಿಲ್ಲದ ಉದ್ಯಾನ ಮೇಲಕ್ಕೆ ಬೆಳೆಯಿತು. 2004ರಲ್ಲಿ ಉಕ್ಕಿನ ರೋಲರ್ ಕೋಸ್ಟರ್, 2006ರಲ್ಲಿ 80 ಮೀಟರ್ ಎತ್ತರದಲ್ಲಿ ಸರಪಳಿಯ ಕುರ್ಚಿಗಳನ್ನು ತಿರುಗಿಸುವ ಗೋಪುರ ಬಂದವು. ಬೇಸಿಗೆಯ ಆಚೆಗೂ ಹಂಗಾಮು ಚಾಚಿತು: 1994ರಿಂದ ಕ್ರಿಸ್‌ಮಸ್ ಸಂತೆ, 2006ರಿಂದ ಹ್ಯಾಲೋವೀನ್. ಒಂದೊಂದು ಚದರ ಮೀಟರಿಗೂ ಬೆಲೆ ಕಟ್ಟುವ ಇಂಥ ಜಾಗದಲ್ಲಿ ಕಟ್ಟಡ ಏಳದೆ ಉಳಿದ ದೊಡ್ಡ ಬಯಲೆಂದರೆ ಕೆರೆ. ಹಗಲಿನಲ್ಲಿ ಅದರ ಮೇಲೆ ಮಕ್ಕಳ ಡ್ರ್ಯಾಗನ್ ದೋಣಿಗಳು ಓಡುತ್ತವೆ, ಕತ್ತಲಾದ ಮೇಲೆ ಬೆಳಕಿನ ಪ್ರದರ್ಶನ ನಡೆಯುತ್ತದೆ, ದಂಡೆಯ ಉಪಾಹಾರ ಗೃಹಗಳಲ್ಲಿ ನೀರಿಗೆ ಮುಖಮಾಡಿದ ಮೇಜುಗಳೇ ಮೊದಲು ಭರ್ತಿಯಾಗುತ್ತವೆ.